ಬ್ರೇಕಮ್ಮನ ಕಾರು ಊರು ಬಿಟ್ಟದ್ದು

ಆಕೆಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಊರು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಅಂಚೆಯವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಬ್ರೇಕಮ್ಮ. ಎದುರಿಗೆ ಸಿಕ್ಕಾಗ ಮಾತ್ರ ಟೀಚರ್. ಕಾರು ಓಡಿಸಲು ಕಲಿಸುವುದು ಆಕೆಯ ಕಸುಬು. ಕಲಿಯುವವರು ಸ್ಟೀರಿಂಗ್ ಹಿಡಿದರೆ ಪಕ್ಕದ ಸೀಟಿನಲ್ಲಿ ಆಕೆ, ಆಕೆಯ ಕಾಲಡಿಯಲ್ಲಿ ಇನ್ನೊಂದು ಬ್ರೇಕು. ಕಲಿಯುವವರು ಕಂಗಾಲಾದರೆ ಕಲಿಸುವವರು ಒತ್ತಲಿ ಎಂದು ಇಂಥ ಕಾರುಗಳಲ್ಲಿ ಹಾಗೆ ಜೋಡಿಸಿರುತ್ತಾರೆ. ಬ್ರೇಕಮ್ಮ ಅಲ್ಲಿಯವರೆಗೆ ಕಾಯುವ ಪೈಕಿಯಲ್ಲ. ರಸ್ತೆ ದಾಟಲೋ ಬೇಡವೋ ಎಂದು ನಾಯಿ ಇನ್ನೂ ಯೋಚಿಸುತ್ತಿರುವಾಗಲೇ ಒತ್ತಿಬಿಡುತ್ತಿದ್ದಳು.

ಅರ್ಧ ಊರು ಕಾರು ಕಲಿತದ್ದು ಆಕೆಯ ಕೈಯಲ್ಲಿ. ತನ್ನ ಶಿಷ್ಯರಲ್ಲಿ ಒಬ್ಬರೂ ಗೋಡೆಗೆ ಗುದ್ದಿಲ್ಲ ಎಂಬುದು ಆಕೆಯ ದೊಡ್ಡ ಹೆಮ್ಮೆ. ಕಲಿಯುವಾಗ ಗುದ್ದಿಲ್ಲ ಎಂದು ಹೇಳಿದರೆ ಸರಿ. ಆಮೇಲೆ ಗುದ್ದಿದವರು ಬೇಕಾದಷ್ಟು ಜನ ಇದ್ದರು, ಅವರ ಸುದ್ದಿ ಆಕೆ ಎತ್ತುತ್ತಿರಲಿಲ್ಲ. ಗಂಡ ತೀರಿಕೊಂಡಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಓದಿಸಿ ನರ್ಸ್ ಮಾಡಿದ್ದು ಇದೇ ಕಾರಿನ ದುಡಿಮೆ. ಈಗ ಅದರ ಬಣ್ಣ ಮಾಸಿ, ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆಗೆಯುವ ಹಾಗಾಗಿತ್ತು. ಆದರೂ ಎಂಜಿನ್ ಗಟ್ಟಿ ಇತ್ತು.

ಮಗಳಿಗೆ ದೇಶದ ಆ ತುದಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. "ನೀನೂ ಬಾ" ಎಂದಳು. ಬ್ರೇಕಮ್ಮ ಒಪ್ಪಿದಳು, ಕಾರೂ ಬರಬೇಕು ಎಂಬ ಕರಾರಿನ ಮೇಲೆ.

"ಅಮ್ಮ, ಗುಜರಿಯವನು ಆಗ್ಲೇ ಬಂದು ನೋಡ್ಕೊಂಡು ಹೋಗಿದಾನೆ. ಅಷ್ಟು ದೂರ ಈ ಹಳೇ ಡಬ್ಬಾನ ಯಾಕೆ ಹೊರಬೇಕು?"

"ಅಲ್ಲೂ ಬೋರ್ಡ್ ಹಾಕ್ತೀನಿ ಕಣೇ, ನಾಲ್ಕು ಜನಕ್ಕೆ ಕಲಿಸ್ತೀನಿ. ಇದಿಲ್ದೆ ಆ ಊರಲ್ಲಿ ನಾನು ಯಾರು? ನಿನ್ನ ಅಮ್ಮ, ಅಷ್ಟೇ ತಾನೆ?"

"ಅಷ್ಟು ಸಾಲ್ದಾ?"

ಸಾಲದು ಎಂದು ಹೆತ್ತ ಮಗಳ ಮುಖ ನೋಡಿ ಹೇಳುವುದು ಹೇಗೆ?

ತಾನೇ ಓಡಿಸಿಕೊಂಡು ಹೋಗೋಣವೆಂದರೆ ಕಣ್ಣಿನ ಪೊರೆ ತೆಗೆಸಿ ಇನ್ನೂ ಕರಿಕನ್ನಡಕದಲ್ಲಿದ್ದಳು. ನಾನು ಹೇಳುವವರೆಗೆ ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೊನೆಗೆ ಕಾರುಗಳನ್ನು ಸಾಗಿಸುವ ಲಾರಿಯಲ್ಲಿ ಒಂದು ಜಾಗ ಗೊತ್ತುಮಾಡಿದ್ದಾಯಿತು. ಮನೆಯ ಸಾಮಾನು ಹಿಂದಿನ ದಿನವೇ ಬೇರೆ ಗಾಡಿಯಲ್ಲಿ ಹೊರಟಿತ್ತು.

ಲಾರಿ ಬೆಳಿಗ್ಗೆ ಬಂತು. ಮೇಲಿನ ಅಟ್ಟದಲ್ಲಿ ಆಗಲೇ ಬೇರೆಯವರ ಹೊಳೆಯುವ ಕಾರುಗಳಿದ್ದವು. ಡ್ರೈವರ್ ಹಿಂದುಗಡೆ ಎರಡು ಕಬ್ಬಿಣದ ಹಲಗೆಗಳನ್ನು ನೆಲಕ್ಕೆ ಇಳಿಬಿಟ್ಟು ಕೈ ಚಾಚಿದ.

"ಕೀ ಕೊಡಿ ಅಮ್ಮ, ಹತ್ತಿಸ್ಬಿಡ್ತೀನಿ."

"ನಾನೂ ಪಕ್ಕದಲ್ಲಿ ಕೂತ್ಕೋತೀನಿ."

"ಖಾಲಿ ಗಾಡಿ ಹತ್ತಿಸೋದು ವಾಡಿಕೆ ಅಮ್ಮ."

"ಗೊತ್ತಿಲ್ಲದವರ ಕೈಗೆ ಇದನ್ನ ಒಂಟಿಯಾಗಿ ಬಿಟ್ಟೋಳಲ್ಲ ನಾನು."

ಪಕ್ಕದಲ್ಲಿ ಕೂತವಳು ಜಪ್ಪಯ್ಯ ಎಂದರೂ ಸೀಟು ಬಿಟ್ಟು ಏಳಲಿಲ್ಲ. ಹಿರಿಯರ ಜೊತೆ ಯಾಕೆ ವಾದ ಎಂದುಕೊಂಡನೋ ಏನೋ, ಆತ ಕಾರು ಶುರುಮಾಡಿದ. ಆ ಹಲಗೆ ಹತ್ತಬೇಕಾದರೆ ಒಂದೇ ಸಮನೆ ರಭಸ ಬೇಕು, ಮಧ್ಯದಲ್ಲಿ ಅನುಮಾನ ಬಂದರೆ ಕೆಟ್ಟಿತು. ಆತನಿಗೆ ಅನುಮಾನವಿರಲಿಲ್ಲ. ಬ್ರೇಕಮ್ಮನಿಗಿತ್ತು. ಮುಂದಿನ ಚಕ್ರ ಹಲಗೆಯ ಅರ್ಧಕ್ಕೆ ಬಂದು, ಗಾಜಿನಲ್ಲಿ ರಸ್ತೆ ಮಾಯವಾಗಿ ಬರೀ ಆಕಾಶ ಕಂಡಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಾಲು ತನ್ನ ಪಾಡಿಗೆ ತಾನು ಒತ್ತಿಬಿಟ್ಟಿತು. ಕಾರು ಗಕ್ಕನೆ ನಿಂತು, ಒಂದು ಪಕ್ಕಕ್ಕೆ ಜಾರಿ, ಚಕ್ರ ಹಲಗೆಯಿಂದಾಚೆ ಹೋಗಿ ಹೊಟ್ಟೆಯ ಮೇಲೆ ಕೂತಿತು. ಸೈಲೆನ್ಸರ್ ಕಳಚಿ ಕೆಳಗೆ ಬಿತ್ತು.

ಬೀದಿಯವರೆಲ್ಲ ಸೇರಿ ಎತ್ತಿ ಕೆಳಗಿಳಿಸಿದರು. ಹೆಚ್ಚಿನವರು ಆಕೆಯ ಶಿಷ್ಯರೇ ಆದ್ದರಿಂದ ಯಾರೂ ನಗಲಿಲ್ಲ, ನಕ್ಕವರು ಆಚೆ ತಿರುಗಿ ನಕ್ಕರು. ಲಾರಿ ಡ್ರೈವರ್ ಹಣೆಯ ಬೆವರು ಒರೆಸಿಕೊಂಡ.

"ಮಾಲೀಕರು ಬಾಗಿಲಲ್ಲಿ ನಿಂತು ಅತ್ತಿದ್ದು ನೋಡಿದೀನಿ ಅಮ್ಮ, ಬೈದಿದ್ದು ನೋಡಿದೀನಿ. ಒಳಗೆ ಕೂತು ಬ್ರೇಕ್ ಹಾಕಿದೋರನ್ನ ಇವತ್ತೇ ನೋಡಿದ್ದು. ಈ ಕಾರು ನನ್ನಿಂದಾಗಲ್ಲ, ಕ್ಷಮಿಸಿ."

ಲಾರಿ ಹೊರಟುಹೋಯಿತು. ಅಮ್ಮ ಮಗಳು ಖಾಲಿ ಮನೆಯೊಳಗೆ ಬಂದು, ಕೂರಲು ಕುರ್ಚಿಯೂ ಇಲ್ಲದೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತರು. ಮೂರ್ಖತನ ತನ್ನದೇ ಎಂದು ಬ್ರೇಕಮ್ಮನಿಗೆ ಗೊತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನು ಕಾರು ಗುಜರಿಗೇ ಎಂಬ ಸಂಕಟ.

"ಗುಜರಿಯವನಿಗೆ ಫೋನ್ ಮಾಡು" ಎಂದಳು.

"ಬೇಡ. ಮೆಕ್ಯಾನಿಕ್‌ಗೆ ಮಾಡ್ತೀನಿ. ಸೈಲೆನ್ಸರ್ ಕಟ್ಟಿಕೊಡ್ಲಿ. ನಾನು ಓಡಿಸ್ತೀನಿ."

"ನೀನಾ? ನಿನಗೆಲ್ಲಿ ಬರತ್ತೆ?"

"ಬರತ್ತಮ್ಮ. ಲೈಸೆನ್ಸ್ ಇದೆ. ರೈಲ್ವೆ ಗೇಟ್ ಆಚೆ ಡ್ರೈವಿಂಗ್ ಸ್ಕೂಲಲ್ಲಿ ಕಲಿತೆ. ನರ್ಸಿಂಗ್ ಓದೋವಾಗ್ಲೇ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ಸ್ಕೂಲಿನ ಮೇಷ್ಟರೆಂದರೆ ಆಕೆಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಶಿಷ್ಯರನ್ನು ಮೋರಿಗೆ ಬೀಳಿಸಿ ಆಮೇಲೆ ಪಾಠ ಹೇಳುವವರು ಎಂದು ಆಡಿಕೊಂಡವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ತನ್ನನ್ನೇ ಹಳಿದುಕೊಂಡಳು.

"ನಾನಿರ್ಲಿಲ್ವೇನೇ, ಮನೇಲೇ?"

"ಒಂದಿನ ಹತ್ತಿದ್ದೆ, ನೆನಪಿದ್ಯಾ? ಬೀದಿ ಕೊನೆಗೆ ಹೋಗೋಷ್ಟರಲ್ಲಿ ಇಳಿದು ನಡ್ಕೊಂಡು ಬಂದೆ. ನಾನು ತಪ್ಪು ಮಾಡೋಕೆ ಮುಂಚೇನೇ ನೀನು ನಿಲ್ಸಿಬಿಡ್ತಿದ್ದೆ. ಕಾರೊಂದರಲ್ಲೇ ಅಲ್ಲಮ್ಮ. ಸೈಕಲ್ ಬೇಡ, ಈಜು ಬೇಡ, ಆ ಕಾಲೇಜ್ ದೂರ. ನಿನ್ನ ಪಕ್ಕ ಕೂತ್ರೆ ನನಗೆ ಏನೂ ಬರಲ್ಲ ಅಂತಾನೇ ಅನ್ಸೋದು." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಮೇಷ್ಟ್ರು ನನ್ನನ್ನ ಮೋರಿಗೆ ಇಳಿಸೋಕೆ ಬಿಟ್ರು, ನಿಜ. ಆಮೇಲೆ ಸುಮ್ನೆ ಕೂತು, ಈಗ ನೀನೇ ಹೊರಗೆ ತೆಗಿಯಮ್ಮ ಅಂದ್ರು."

ಬ್ರೇಕಮ್ಮ ನಲ್ಲಿ ತಿರುಗಿಸಿ ಮುಖ ತೊಳೆಯಲು ಹೋಗಿ, ಕಣ್ಣಿಗೆ ನೀರು ತಾಗಬಾರದೆಂದು ನೆನಪಾಗಿ ಬರೀ ಕೈ ತೊಳೆದುಕೊಂಡಳು.

ಮೆಕ್ಯಾನಿಕ್ ತಂತಿ ಬಿಗಿದು ಸೈಲೆನ್ಸರ್ ನಿಲ್ಲಿಸಿದ. ಮರುದಿನ ಹೊರಟರು. ಬ್ರೇಕಮ್ಮ ತನ್ನ ಮಾಮೂಲು ಸೀಟಿನಲ್ಲೇ ಕೂತಳು. ಮೊದಲನೆಯ ಪೆಟ್ರೋಲ್ ಬಂಕ್ ಸಿಗುವುದರೊಳಗೆ ಒತ್ತಿದ್ದೇ ಒತ್ತಿದ್ದು. ಮಗಳು ರೇಗಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎದುರಿನ ರಸ್ತೆ ನೋಡುತ್ತಾ ಕೂತಳು. ಬಹಳ ಹೊತ್ತಿನ ಮೇಲೆ ಬ್ರೇಕಮ್ಮ ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಮಡಿಚಿ ಸೀಟಿನ ಮೇಲಿಟ್ಟುಕೊಂಡಳು. ಮಂಡಿ ನೋಯುತ್ತಿತ್ತು, ಆದರೂ ಇಳಿಸಲಿಲ್ಲ.

ಮುಂದೆ ಬೆಟ್ಟದ ಇಳಿಜಾರು ಬರುವುದಿತ್ತು. ತಿರುವಿನ ಮೇಲೆ ತಿರುವು, ಎದುರಿನಿಂದ ಭಾರದ ಲಾರಿಗಳು ಎಂದು ಕೇಳಿದ್ದಳು. ಅಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಬೇಕಾದರೆ ಕಾಲೂ ಇಳಿಸಬೇಕು, ಮಗಳು ಏನಾದರೂ ಅಂದುಕೊಳ್ಳಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಊಟ ಮುಗಿಸಿ ಹೊರಟರು. ಬಿಸಿಲು ತೊಡೆಯ ಮೇಲೆ ಬೆಚ್ಚಗೆ ಬಿದ್ದಿತ್ತು, ಮಗಳು ಗೇರ್ ಬದಲಿಸುವ ಸದ್ದು ಹದವಾಗಿ ಕೇಳುತ್ತಿತ್ತು.

ಕಣ್ಣು ಬಿಟ್ಟಾಗ ಎರಡೂ ಕಡೆ ಬಯಲು, ಬಾಣದಂಥ ನೇರ ರಸ್ತೆ.

"ಬೆಟ್ಟ ಇನ್ನೂ ಎಷ್ಟು ದೂರ?"

"ಇಳಿದು ಎಷ್ಟೊತ್ತಾಯ್ತು."

"ನನ್ನನ್ನ ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸೋ ಅಂಥದ್ದೇನೂ ಆಗ್ಲಿಲ್ಲ. ಒಂದು ತಿರುವಲ್ಲಿ ತಪ್ಪು ಗೇರ್ ಹಾಕಿದೆ, ಆಮೇಲೆ ಸರಿ ಮಾಡ್ಕೊಂಡೆ."

ಬ್ರೇಕಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಬೆಟ್ಟ ನೀಲಿಯಾಗಿ ದೂರದಲ್ಲಿತ್ತು. ಓಡುವ ಕಾರಿನಲ್ಲಿ ತಾನು ಎಂದಾದರೂ ಕಣ್ಣು ಮುಚ್ಚಿದ್ದುಂಟೇ ಎಂದು ಯೋಚಿಸಿದಳು. ಇಲ್ಲ, ಒಮ್ಮೆಯೂ ಇಲ್ಲ. ಮೊದಲು ಅವಮಾನವಾಯಿತು. ತಾನು ನೋಡದಿದ್ದರೂ ಆ ಇಳಿಜಾರು ತನ್ನಷ್ಟಕ್ಕೆ ಮುಗಿದುಹೋಗಿತ್ತಲ್ಲ. ಆಮೇಲೆ, ಹೊತ್ತು ತಂದ ಭಾರವನ್ನು ಯಾರೋ ಬೆನ್ನಿನಿಂದ ಇಳಿಸಿಕೊಂಡ ಹಾಗೆ ಮೈಯೆಲ್ಲ ಹಗುರಾಯಿತು. ಮಗಳನ್ನು ನೋಡಿದಳು. ಭುಜ ಸಡಿಲ, ಕೈ ಗಟ್ಟಿ, ಕಣ್ಣು ದೂರದಲ್ಲಿ. ಯಾವ ಶಿಷ್ಯರಿಗೂ ಅಂಥ ಭುಜ ಬರಲು ಆಕೆ ಬಿಟ್ಟಿರಲಿಲ್ಲ.

"ಆ ಮೇಷ್ಟ್ರ ಹತ್ರ ಈಗ್ಲೂ ಮಾತಾಡ್ತೀಯಾ?"

"ಅಪರೂಪಕ್ಕೆ. ಯಾಕೆ?"

"ಮುಂದಿನ ಸಲ ಮಾತಾಡಿದ್ರೆ ಹೇಳು. ನನ್ನ ಮಗಳಿಗೆ ತುಂಬ ಚೆನ್ನಾಗಿ ಕಲಿಸಿದೀರಿ, ನನ್ನ ಕೈಲಿ ಅದು ಆಗ್ಲಿಲ್ಲ ಅಂತ."

ಮಗಳು ಕನ್ನಡಿ ನೋಡಿ, ವೇಗ ಇಳಿಸಿ, ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಬ್ರೇಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅಳಬೇಡ ಎಂದು ಹೇಳಲಿಲ್ಲ.