ಕೆಂಪಿಯ ಮೇಲೆ ಸುತ್ತಿದ ರಣಹದ್ದುಗಳು

ನಾನು ಚಿಕ್ಕವನಿದ್ದಾಗ, ಮನೆಗೆ ಬಾರದ ದನವನ್ನು ಹುಡುಕಲು ನಾವು ಮೊದಲು ಆಕಾಶ ನೋಡುತ್ತಿದ್ದೆವು. ಮಕ್ಕಳೇ, ಹೀಗೆ ಶುರುವಾಗುವ ಕತೆಗಳನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ಆದರೆ ಆಕಾಶ ನೋಡುತ್ತಿದ್ದದ್ದು ಮಾತ್ರ ಖರೆ. ರಣಹದ್ದುಗಳು ಸುತ್ತುವ ಕಡೆ ಹೋದರೆ ಸತ್ತ ದನ ಬಿದ್ದಿರುತ್ತಿತ್ತು.

ನಮ್ಮದು ಮುಂಡಗೋಡದಿಂದ ಪಾಳಾ ಕಡೆಗೆ ಹೋಗುವ ದಾರಿಯ ಹಳ್ಳಿ. ಮನೆಯಲ್ಲಿದ್ದದ್ದು ಒಂದೇ ಆಕಳು, ಕೆಂಪಿ. ತುಂಬು ಗಬ್ಬವಾಗಿದ್ದ ಅದು ಒಂದು ಸಂಜೆ ಊರಿನ ಉಳಿದ ದನಗಳ ಜೊತೆ ಕಾಡಿನಿಂದ ಮರಳಲಿಲ್ಲ. ಆ ಬೇಸಿಗೆಯಲ್ಲಿ ಚಿರತೆಯ ಸುದ್ದಿ ಬೇರೆ ಇತ್ತು. ಮರುದಿನ ಬಿಸಿಲೇರಿದಾಗ ಅಪ್ಪ ಅಂಗಳದಲ್ಲಿ ನಿಂತು ತಲೆ ಎತ್ತಿದ. ಕೆರೆಯಾಚೆ, ಸಾಗುವಾನಿ ಮರಗಳ ಮೇಲೆ, ಅವು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು.

ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡ. ಪಕ್ಕದ ಮನೆಯ ಕಾಕಾ ಕಟ್ಟೆಯಿಂದ ಕೂಗಿದ: “ಇನ್ನ ಹಗ್ಗ ಯಾಕೋ ಮಾರಾಯಾ? ಮ್ಯಾಲ ನೋಡು, ಉಣ್ಣಾಕ ಪಂಕ್ತಿನ ಕುಂತೈತಿ!”

ಅಪ್ಪ ಹಗ್ಗವನ್ನು ಕೆಳಗಿಡಲಿಲ್ಲ. ಅಕ್ಕನೂ ನಾನೂ ಹಿಂದೆ ನಡೆದೆವು. ಒಣಗಿದ ಸಾಗುವಾನಿ ಎಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಎಲೆ ಉದುರಿದ ಒಂದು ಮತ್ತಿಮರದಲ್ಲಿ ರಣಹದ್ದುಗಳು ಹೆಗಲು ಕುಗ್ಗಿಸಿ ಕುಳಿತಿದ್ದವು. ಎಷ್ಟಿದ್ದವು? ಹೇಳುವಾಗಲೆಲ್ಲ ಅವುಗಳ ಸಂಖ್ಯೆ ಹೆಚ್ಚುತ್ತ ಬಂದಿದೆ, ಅದಕ್ಕೇ ಈಗ ಹೇಳುವುದಿಲ್ಲ. ಬೋಳು ಕತ್ತು, ಹಿಕ್ಕೆಯಿಂದ ಬೆಳ್ಳಗಾದ ಕೊಂಬೆ, ಹುಳಿತ ವಾಸನೆ, ಇಷ್ಟು ಗಟ್ಟಿ. ಒಂದೂ ಸದ್ದು ಮಾಡುತ್ತಿರಲಿಲ್ಲ. ಆ ಮೌನವೇ ನನಗೆ ಸಂಶಯ ತಂದಿತು. ಕಲ್ಲೆತ್ತಿಕೊಂಡೆ.

“ಕಲ್ಲ ಕೆಳಗ ಹಾಕೋ,” ಎಂದ ಅಪ್ಪ ಮೆಲ್ಲಗೆ. “ಇವು ಇನ್ನೂ ಯಾಕ ಇಳದಿಲ್ಲ ಅಂತ ಮೊದಲ ನೋಡೂಣು.”

ಬಿದಿರಿನ ಮೆಳೆಯ ಹಿಂದೆ ಕೆಂಪಿ ನಿಂತಿತ್ತು! ಕಾಲ ಬಳಿ ಒದ್ದೆ ಕರು. ಅದನ್ನು ನೆಕ್ಕುತ್ತಲೇ ಮರದ ಕಡೆ ಕೊಂಬು ತೋರಿಸುತ್ತಿತ್ತು. ಹಿಂದೆ ಮಾಸು ಇನ್ನೂ ಜೋತಾಡುತ್ತಿತ್ತು. ಕರು ಹುಟ್ಟಿದ ಮೇಲೆ ಆಕಳ ಹೊಟ್ಟೆಯಿಂದ ಬೀಳುವ ಚೀಲ ಅದು. ರಣಹದ್ದುಗಳು ಕಾದದ್ದು ಅದಕ್ಕೋ, ಕರುವಿಗೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾವು ನೋಡುತ್ತಿದ್ದಂತೆ ಮಾಸು ಬಿತ್ತು. ಅದನ್ನು ನಾಯಿ ತಿಂದರೆ ಆಕಳ ಹಾಲು ಬತ್ತುತ್ತದೆ ಎಂದು ನಮ್ಮಲ್ಲಿ ನಂಬುತ್ತಿದ್ದರು. ಅದಕ್ಕೇ ಹಾಲು ಸುರಿಸುವ ಮರದ ಎತ್ತರದ ಕೊಂಬೆಗೆ ಅದನ್ನು ಕಟ್ಟುವ ಪದ್ಧತಿ. ಕೆಂಪಿ ಸಿಕ್ಕ ಖುಷಿಯಲ್ಲಿ ಅಪ್ಪ ಮಾಸನ್ನು ತನ್ನ ಟವೆಲಿನಲ್ಲಿ ಗಂಟು ಕಟ್ಟಿ, ಪಕ್ಕದ ಅತ್ತಿಮರ ಹತ್ತಿ ಬಿಗಿದು ಇಳಿದ.

ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಬೆನ್ನ ಹಿಂದೆ ಚಾಪೆ ಕೊಡವಿದಂಥ ಸದ್ದು. ಎಲ್ಲವೂ ಅತ್ತಿಮರಕ್ಕೆ ಹಾರಿದ್ದವು. ಟವೆಲು ಚಿಂದಿಯಾಗಿ ಗಾಳಿಯಲ್ಲಿ ಇಳಿಯಿತು.

“ಅಪ್ಪಾ,” ಎಂದಳು ಅಕ್ಕ, “ನಾಯಿಗೆ ಸಿಗಬಾರದಂತ ಹದ್ದಿನ ಗಂಗಾಳದಾಗ ಬಡಿಸಿ ಬಂದೀ ನೋಡು!”

ಅಪ್ಪ ನಕ್ಕ, ಪೂರ್ತಿ ನಗಲಿಲ್ಲ. ಕರುವನ್ನು ಹೆಗಲ ಮೇಲೆ ಹೊತ್ತ. ಕೆಂಪಿ ತಾನಾಗಿಯೇ ಹಿಂದೆ ಬಂತು. ಎಷ್ಟೋ ದಿನ ಅಪ್ಪ ಹಾಲಿನ ತಂಬಿಗೆಯೊಳಗೆ ಕಳ್ಳನನ್ನು ಹುಡುಕುವಂತೆ ಇಣುಕುತ್ತಿದ್ದ. ಹಾಲು ಬತ್ತಲಿಲ್ಲ.

ಮೊನ್ನೆ ನನ್ನ ಮೊಮ್ಮಕ್ಕಳ ಮನೆಯ ಆಕಳು ಕೊಟ್ಟಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕರು ಹಾಕಿತು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಕರು ಎದ್ದು ನಿಲ್ಲುವ ಮೊದಲೇ ಅದರ ವಿಡಿಯೊ ಹುಬ್ಬಳ್ಳಿಯ ನೆಂಟರಿಗೆ ಮುಟ್ಟಿತ್ತು. ಮಾಸನ್ನು ತಿಪ್ಪೆಯ ಪಕ್ಕ ಹೂತರು. ಆಕಾಶದಲ್ಲಿ ರಣಹದ್ದಿನ ಒಂದು ಚುಕ್ಕೆಯೂ ಇರಲಿಲ್ಲ. ದನಗಳಿಗೆ ಕೊಟ್ಟ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನು ಕೊಂದಿತು ಎನ್ನುತ್ತಾರೆ. ನಾನು ಈ ಕತೆ ಹೇಳಿದಾಗ ಮೊಮ್ಮಗಳು ಹುಬ್ಬೇರಿಸಿದಳು: “ಊರ ಹತ್ರ ಅಷ್ಟ ದೊಡ್ಡ ಹಕ್ಕಿ? ಅಜ್ಜಾ, ಬುರುಡಿ ಬಿಡಬ್ಯಾಡ.”

ಸಾಕ್ಷಿಗೆಂದು ಹಳಿಯಾಳದಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕತೆಯನ್ನೆಲ್ಲ ಹೇಳಿ ಕೇಳಿದೆ.

“ಇದ್ದವಽ ತಂಗೀ, ಖರೇನ ಇದ್ದವು,” ಎಂದಳು ಅಕ್ಕ. “ಆದ್ರ ಕಲ್ಲ ಎತ್ತಿದಾಕಿ ನಾನು. ನಿಮ್ಮಜ್ಜ ಅಪ್ಪನ ಧೋತರದಾಗ ಮಾರಿ ಮುಚಗೊಂಡು ಅಳಾಕತ್ತಿದ್ದ.”

ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಅಜ್ಜ ಅತ್ತದ್ದನ್ನು ಆ ಕ್ಷಣವೇ ನಂಬಿದರು. ರಣಹದ್ದುಗಳನ್ನು ಇನ್ನೂ ನಂಬಿಲ್ಲ.