ಚಂದ್ರಿಗೆ ಹೇಳಿದ ಮಾತು

ದನಕ್ಕೆ ಹಾಕಲು ನೆನೆಸಿದ ಹತ್ತಿಕಾಳಿನ ವಾಸನೆ ಬಲ್ಲವರು ಈಗ ಎಷ್ಟು ಜನ ಉಳಿದಿದ್ದೀರೋ ಗೊತ್ತಿಲ್ಲ. ಸ್ವಲ್ಪ ಹುಳಿ, ಸ್ವಲ್ಪ ಎಣ್ಣೆಜಿಡ್ಡು, ಅದರ ಕೆಳಗೆ ಕೆರೆದಂಡೆಯಂಥ ತಂಪು. ಮೊನ್ನೆ ರಾಯಬಾಗದಿಂದ ಬರುವಾಗ ನಮ್ಮ ಬಸ್ಸು ಯಾರದೋ ದನದ ಮನೆಯ ಮಗ್ಗುಲಿಗೆ ನಿಂತಿತು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ, ಅಲಖನೂರಿನ ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಯೊಳಗೆ ನಾನು ಹೋಗಿ ಕುಳಿತಿದ್ದೆ. ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ನಾವು. ದನ ಕಟ್ಟುವ ಜಾಗಕ್ಕೂ ಪಡಸಾಲೆಗೂ ನಡುವೆ ಗೋಡೆ ಇರಲಿಲ್ಲ, ಮೊಳದೆತ್ತರದ ಮೆಟ್ಟಿಲು ಅಷ್ಟೇ. ನಾವು ಉಣ್ಣುವುದನ್ನು ಎಮ್ಮೆ ಚಂದ್ರಿ ನೋಡುತ್ತಿತ್ತು, ಅದು ಮೆಲುಕು ಹಾಕುವುದನ್ನು ನಾವು ನೋಡುತ್ತಿದ್ದೆವು.

ಆ ಮನೆಯಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ನನ್ನ ಅವ್ವ ಮದುವೆಯಾಗಿ ಬಂದಂದಿನಿಂದ ಮುತ್ಯಾನಿಗೆ, ಅಂದರೆ ನನ್ನ ಅಜ್ಜನಿಗೆ, ಹೇಳುವುದನ್ನೆಲ್ಲ ಚಂದ್ರಿಗೆ, ಅದಕ್ಕೂ ಮೊದಲು ಚಂದ್ರಿಯ ತಾಯಿಗೆ, ಹೇಳುತ್ತಿದ್ದಳು. ರೊಟ್ಟಿ ಆಗಿದೆ, ಉಣ್ಣಲು ಏಳಲಿ ಎಂದು ಎಮ್ಮೆಯ ಕಡೆ ಮುಖ ಮಾಡಿ ಅಂದರೆ ಮುತ್ಯಾ ಕೈ ತೊಳೆಯಲು ಏಳುತ್ತಿದ್ದ. ಅವನೂ ಹಾಗೆಯೇ. ಖಾರ ಹೆಚ್ಚಾಗಿದ್ದರೆ ಎಮ್ಮೆಗೇ ದೂರು. ಮುತ್ಯಾನ ಹೆಂಡತಿ, ನಮ್ಮ ಆಯಿ, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು, ಅಪ್ಪ ಕಬ್ಬಿನ ಗಾಡಿಯ ಹಿಂದೆ ಊರೂರು ತಿರುಗುತ್ತಿದ್ದ. ಹೀಗಾಗಿ ಆ ಇಬ್ಬರ ನಡುವೆ ಮನೆ ನಡೆದದ್ದೇ ಚಂದ್ರಿಯ ಮೂಲಕ.

ನಾನು ಸಣ್ಣವಳಿದ್ದಾಗ ಒಂದು ವರ್ಷ ಚಂದ್ರಿಯ ಹಾಲು ದಿಢೀರನೆ ಇಳಿಯಿತು. ಮೇವು ತಿನ್ನುತ್ತದೆ, ಹಾಲು ಅರ್ಧ. ಇದು ಬತ್ತುತ್ತಿದೆ, ಬರುವ ಸಂತೆಗೆ ಮುಗಳಖೋಡಕ್ಕೆ ಹೊಡೆದುಕೊಂಡು ಹೋಗಿ ಮಾರುವುದೇ ಸರಿ ಎಂದು ಮುತ್ಯಾ ತೀರ್ಮಾನಿಸಿದ. ನಿಜ ಬೇರೆಯೇ ಇತ್ತು. ಮಗ್ಗುಲ ಮನೆಯವರು ನಮ್ಮ ಅಣ್ಣತಮ್ಮಕಿಯವರೇ, ದಾಯಾದಿಗಳು, ಆದರೆ ಹೊಲದ ಒಡ್ಡಿನ ಜಗಳದಲ್ಲಿ ಬೆಂಕಿ-ನೀರು ಕೊಟ್ಟು ತರುವುದೂ ನಿಂತುಹೋಗಿತ್ತು. ಆ ಮನೆಯ ಸೊಸೆ ಹೆತ್ತು ತೀರಿಹೋಗಿದ್ದಳು, ಕೂಸು ಉಳಿದಿತ್ತು. ಅವ್ವ ನಸುಕಿನಲ್ಲಿ ಹಿಂಡಿದ ಹಾಲಿನಲ್ಲಿ ಒಂದು ಪಾಲನ್ನು ಸೆರಗಿನಡಿ ಇಟ್ಟುಕೊಂಡು ಹಿತ್ತಲಿನಿಂದ ಆ ಕೂಸಿಗೆ ಒಯ್ಯುತ್ತಿದ್ದಳು. ಎಮ್ಮೆ ಹೋದರೆ ಕೂಸಿನ ಹಾಲೂ ಹೋಗುತ್ತಿತ್ತು. ಬಾಯಿ ಬಿಟ್ಟರೆ ಮುತ್ಯಾನ ಹಟದ ಮುಂದೆ ಸೊಸೆಯೇ ಕಳ್ಳಿಯಾಗುತ್ತಿದ್ದಳು.

ಸಂತೆಯ ಹಿಂದಿನ ದಿನ ನನ್ನ ಕಾಕಾ ರಾಯಬಾಗದಿಂದ ಬಾಡಿಗೆಯ ಟಿವಿ, ವಿಡಿಯೊ ಹೊರಿಸಿಕೊಂಡು ಬಂದ. ದೇವರ ಸಿನಿಮಾ ಕೇಳಿದ್ದನಂತೆ, ಅಂಗಡಿಯವನು ಅವಸರದಲ್ಲಿ ಕೊಟ್ಟದ್ದು ಬೇರೆ ಕ್ಯಾಸೆಟ್. ಮಧ್ಯಾಹ್ನ ಬಾಗಿಲಿಗೆ ಕಂಬಳಿ ಕಟ್ಟಿ ಕುಳಿತೆವು, ನೋಡಿದರೆ ಇಂಗ್ಲಿಷು. ಒಂದು ದೊಡ್ಡ ಮನೆ, ಅಲ್ಲಿ ಹವಳದ ಸರ ಕಳುವಾಗಿದೆ. ಆ ಮನೆಯ ನಾಯಿ, ಬೆಕ್ಕು, ಕತ್ತೆ ಬಾಯಿ ಆಡಿಸಿ ಮಾತಾಡುತ್ತ ಕಳ್ಳರನ್ನು ಹುಡುಕುತ್ತವೆ. ಅಷ್ಟು ಕಣ್ಣಿಗೆ ತಿಳಿಯಿತು. ಉಳಿದದ್ದನ್ನು ಕಾಕಾ ತಾನೇ ಕಟ್ಟಿ ಹೇಳಿದ. ಅವನ ಬೆಕ್ಕು ಮೂಗಿನಲ್ಲಿ ಮರಾಠಿ ಮಾತಾಡಿತು, ನಾಯಿ ಪೊಲೀಸ್ ಫೌಜದಾರನಾಗಿ ಕತ್ತೆಯನ್ನು ಗದರಿಸಿತು. "ಲೇ ಕತ್ತಿ, ಸರ ಯಾರ ಕದ್ದಾರ ಹೇಳ್ತೀಯೊ, ಇಲ್ಲಾ ಕಬ್ಬಿನ ಗಾಡಿಗೆ ಹೂಡ್ಲ್ಯೊ?" ನಾವು ಬಿದ್ದು ಬಿದ್ದು ನಕ್ಕೆವು. ಮುತ್ಯಾ ಮಾತ್ರ ಕಂಬಕ್ಕೆ ಆತು ಕುಳಿತು, "ಇದ್ರಾಗೇನ ಹೊಸಾದೈತಿ? ನಮ್ಮ ಮನ್ಯಾಗ ದಿನಾ ಮಾತಾಡತಾವ" ಅಂದ.

ಕೊನೆಗೆ ಕತ್ತೆಯನ್ನು ನಡುವೆ ನಿಲ್ಲಿಸಿ ಎಲ್ಲ ಅದರ ಬಾಯಿ ನೋಡುವ ಹೊತ್ತು ಬಂತು. ಕಳ್ಳರು ಯಾರೆಂದು ಕಾಕಾನಿಗೆ ಹೊಳೆಯಲಿಲ್ಲ, ತಡವರಿಸಿದ. ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಅವ್ವನ ದನಿ ಬಂತು. ಮುಖ ಟಿವಿಯ ಕಡೆ ಇರಲಿಲ್ಲ, ಕೆಳಗೆ ಕಟ್ಟಿದ್ದ ಎಮ್ಮೆಯ ಕಡೆ ಇತ್ತು.

"ಚಂದ್ರೀ, ನೀನರ ಹೇಳ ನಮ್ಮ ಮಾವಾರಿಗೆ. ನೀ ಬತ್ತಿಲ್ಲ. ಮಗ್ಗಲ ಮನಿ ತಾಯಿಲ್ಲದ ಕೂಸಿಗೆ ನಿನ್ನ ಹಾಲ ನಾ ಒಯ್ದೀನಿ. ನಾಳೆ ನಿನ್ನ ಸಂತಿಗೆ ಹೊಡದ್ರ ಆ ಕೂಸ ಉಳಿಯೂದಿಲ್ಲಂತ ಹೇಳ."

ಪರದೆಯ ಮೇಲೆ ಆ ಪ್ರಾಣಿಗಳು ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇದ್ದವು. ಮುತ್ಯಾ ಕಂಬಳಿ ಸರಿಸಿ ಹೊಲಕ್ಕೆ ಹೋದ. ಸಂಜೆ ಬಂದು ಉಂಡು ಮಲಗಿದ. ಬೆಳಗಾದ ಮೇಲೆ ಬಂದು ಚಂದ್ರಿಯ ಹಗ್ಗ ಬಿಚ್ಚಿದ. ಅವ್ವ ಹಾಲಿನ ಚರಗಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಮುತ್ಯಾ ಎಮ್ಮೆಯ ಕೊರಳು ತುರಿಸಿದ, ಹಗ್ಗವನ್ನು ತಿರುಗಿ ಗೂಟಕ್ಕೆ ಬಿಗಿದ, ಅದರ ಕಿವಿಗೆ ಹೇಳಿದಂತೆ ಹೇಳಿದ:

"ಚಂದ್ರೀ, ನಮ್ಮ ಮನಿ ಸೊಸಿ ಕಳ್ಳರಂಗ ಹಿತ್ತಲಾಗಿಂದ ಹೋಗೂದು ಬ್ಯಾಡ. ಮುಂಬಾಗಲಿಂದ ಹೋಗಂತ ಹೇಳ."

ಒಡ್ಡಿನ ಜಗಳ ಅದರಿಂದ ಮುಗಿಯಲಿಲ್ಲ. ಮುತ್ಯಾ ಸಾಯುವ ತನಕ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ, ಕೂಸು ಮಾತ್ರ ಉಳಿದು ಬೆಳೆಯಿತು. ನಾನು ಚಿಕ್ಕೋಡಿಯಲ್ಲಿ ಬಿ.ಎ. ಓದುವಾಗ ಮುತ್ಯಾ ಹೋದ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೊಲದಲ್ಲಿ ಕಳೆ ಕಿತ್ತ ಕೈಯಿಂದಲೇ ಪರೀಕ್ಷೆ ಬರೆದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರ ಎದುರಿಗಾದರೂ ಮುಖ ಕೊಟ್ಟು ಮಾತಾಡುವುದನ್ನು ಕಲಿತೆ. ಮುತ್ಯಾ, ಅವ್ವ ಮಾತ್ರ ತಮ್ಮೊಳಗೆ ಒಂದೇ ಒಂದು ನೇರ ಮಾತಾಡದೆ ಹೋದರು. ಅವ್ವ ತೀರಿದ ಮೇಲೆ ಮನೆ ಕೆಡವಿದರು, ಈಗಿನ ಸಿಮೆಂಟಿನ ಮನೆಯಲ್ಲಿ ದನಕ್ಕೆ ಜಾಗವಿಲ್ಲ.

ಮುತ್ಯಾ ಚಂದ್ರಿಯನ್ನು ತಿರುಗಿ ಗೂಟಕ್ಕೆ ಕಟ್ಟಿದ ಆ ಬೆಳಗ್ಗೆ ಅವ್ವ ತಲೆಯ ತುಂಬ ಸೆರಗು ಹೊದ್ದು, ಹಾಲಿನ ಚರಗಿಯನ್ನು ಸೆರಗಿನಡಿ ಮುಚ್ಚಿಡದೆ, ಮುಂಬಾಗಿಲಿಗೆ ಬಂದಳು. ಹೊರಗಿನ ಕಟ್ಟೆಯ ಮೇಲೆ ಮುತ್ಯಾ ನಾಲ್ಕು ಜನ ಹಿರಿಯರ ಜೊತೆ ಕುಳಿತಿದ್ದ. ಕಟ್ಟೆಯ ಮೇಲೆ ಗಂಡಸರಿದ್ದರೆ ನಮ್ಮ ಹೆಣ್ಣುಮಕ್ಕಳು ಆ ದಾರಿ ಹಿಡಿಯುತ್ತಿರಲಿಲ್ಲ. ಅವಳ ಹೆಜ್ಜೆ ಹೊಸ್ತಿಲಲ್ಲಿ ತಡೆಯಿತು. ಮುತ್ಯಾ ಹಿಂತಿರುಗಿ ನೋಡಲಿಲ್ಲ. ಕೋಲು ಊರಿ ಎದ್ದು, ಪಕ್ಕಕ್ಕೆ ಸರಿದು, ಅವಳು ದಾಟಿ ಹೋಗುವವರೆಗೂ ನಿಂತೇ ಇದ್ದ.