ಹೊಸಬರಿಗೊಂದಿಷ್ಟು ಸೋಲು

ಬ್ಯಾಸ್ಕೆಟ್‌ಬಾಲ್ ಬಗ್ಗೆ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಾನು ಆ ಚೆಂಡನ್ನು ಮುಟ್ಟಿರುವುದೇ ಅದು ಕ್ಲಬ್ಬಿನ ಅಂಗಳದಿಂದ ಹಾರಿ ಬಂದು ನಮ್ಮ ಕನಕಾಂಬರದ ಗಿಡದ ಮೇಲೆ ಬಿದ್ದಾಗ, ಅದೂ ಬೈದುಕೊಂಡು. ಆದರೂ ಹೇಳಿಬಿಡುತ್ತೇನೆ. ಪಂದ್ಯಾವಳಿ ಶುರುವಾಗುವ ಮೊದಲು ಸುಮ್ಮನೆ ಅಭ್ಯಾಸಕ್ಕೆಂದು ಆಡುತ್ತಾರಲ್ಲ, ಆ ಪಂದ್ಯಗಳಲ್ಲಿ ಕೋಚುಗಳು ಹೊಸ ಹುಡುಗರನ್ನು ಹೆಚ್ಚು ಹೊತ್ತು ಆಡಿಸಬೇಕು. ಮೊನ್ನೆ ಒಬ್ಬರ ಮನೆಯಲ್ಲಿ ಹೀಗೆಂದಾಗ ಅಲ್ಲಿದ್ದ ಗಂಡಸರೆಲ್ಲ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಿಮಗ್ಯಾಕೆ ಇದೆಲ್ಲ ಎಂದು ಯಾರೂ ಕೇಳಲಿಲ್ಲ. ಮಲ್ಲೇಶ್ವರದವರು ಸಭ್ಯರು.

ಎಪ್ಪತ್ತರ ದಶಕದಲ್ಲಿ ನಮ್ಮ ಮಲ್ಲೇಶ್ವರದ ಸಂಜೆಗೆ ಎರಡು ಸದ್ದುಗಳಿದ್ದವು. ಒಂದು ಎದುರುಮನೆಯ ಸಂಗೀತ ಪಾಠ, ಇನ್ನೊಂದು ಬೀದಿಯ ಕೊನೆಯ ಕ್ಲಬ್ಬಿನ ಸಿಮೆಂಟು ಅಂಗಳದಲ್ಲಿ ಚೆಂಡು ಪುಟಿಯುವುದು. ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕೂತ ನಮ್ಮಜ್ಜಿಗೆ ಎರಡರಲ್ಲೂ ತಾಳ ತಪ್ಪಿದ್ದು ಗೊತ್ತಾಗುತ್ತಿತ್ತು. "ಇವತ್ತು ಯಾರಿಗೋ ಮನಸ್ಸಿಲ್ಲ ಕಣೆ, ಚೆಂಡು ಕಾಲೆಳೀತಿದೆ" ಎನ್ನುತ್ತಿದ್ದಳು. ಮಾತನ್ನು ಹೀಗೂ ಆಡಬಹುದೆಂದು ನಾನು ಕಲಿತದ್ದು ಅವಳಿಂದ.

ನನ್ನ ತಮ್ಮ ಶೀನ ಆ ಕ್ಲಬ್ಬಿಗೆ ಸೇರಿದ್ದ. ನಮ್ಮ ಮನೆಯ ಬಾಗಿಲುಗಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ದಿನಕ್ಕೊಂದು ಸಲವಾದರೂ ಹಣೆಗೆ ಕುಟ್ಟುತ್ತಿದ್ದವು. ಓದು ಅಷ್ಟಕ್ಕಷ್ಟೇ, ಪಿಯುಸಿ ದಾಟಿದ್ದೇ ಹೆಚ್ಚು. ಆದರೆ ಆ ದಿನಗಳಲ್ಲಿ ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಟ್ಟು ತಮ್ಮ ತಂಡ ಕಟ್ಟುತ್ತಿದ್ದವು. ಓದು ಕೊಡದ ಕೆಲಸವನ್ನು ಎತ್ತರ ಕೊಡಲಿ ಎಂದು ನಮ್ಮಪ್ಪ ಮೊದಲ ಸಲ ಮಗನ ಆಟದ ಮೇಲೆ ಆಸೆ ಇಟ್ಟರು.

ಕೋಚು ವೆಂಕಟೇಶಯ್ಯನವರು. ಹಗಲೆಲ್ಲ ಸರ್ಕಾರಿ ಕಚೇರಿಯ ಗುಮಾಸ್ತರು. ಸಂಜೆಯಾದರೆ ಕೊರಳಲ್ಲಿ ಸೀಟಿ. ಬಿಡಿಗಾಸು ತೆಗೆದುಕೊಳ್ಳದೆ ಕಲಿಸುತ್ತಿದ್ದರು. ಅವರದೊಂದು ಪದ್ಧತಿ: ಸೇರಿದ ಮೊದಲ ವರ್ಷ ಹೊಸಬ ಆಡುವಂತಿಲ್ಲ. ಅಂಗಳಕ್ಕೆ ಉದುರಿದ ಹೊಂಗೆ ಹೂವು ಗುಡಿಸಬೇಕು. ದೊಡ್ಡವರು ಆಡುವಾಗ ಗೆರೆಯಾಚೆ ನಿಂತು, ಹೊರಬಂದ ಚೆಂಡು ಹಿಡಿದು, ಯಾರು ಚಪ್ಪಾಳೆ ತಟ್ಟುತ್ತಾರೋ ಅವರ ಕೈಗೆ ಎಸೆಯಬೇಕು. "ಮೊದ್ಲು ಆಟ ಕಣ್ಣಲ್ಲಿ ಕೂರ್ಲಿ, ಆಮೇಲೆ ಕೈಗೆ ತಾನೇ ಬರುತ್ತೆ" ಎನ್ನುತ್ತಿದ್ದರು. ತಾವೂ ಹಾಗೇ ಕಲಿತವರು.

ಅಭ್ಯಾಸದ ಪಂದ್ಯ ಮುಗಿಸಿ ಬಂದ ಶೀನನನ್ನು ನಾನು ಕೇಳುವುದು ಒಂದೇ. "ಇವತ್ತಾದ್ರೂ ಆಡಿಸಿದ್ರೇನೋ?"

"ಇಲ್ಲ ಕಣಕ್ಕ. ಆದ್ರೆ ಚೆಂಡು ಚೆನ್ನಾಗಿ ಕೊಡ್ತೀಯ ಅಂದ್ರು ದಿವಾಕರಣ್ಣ."

"ಬಡಿಸೋಕೆ ಹೋಗಿದ್ಯಾ, ಊಟಕ್ಕೆ ಹೋಗಿದ್ಯಾ?" ಎಂದು ನಾನು ಛೇಡಿಸುತ್ತಿದ್ದೆ. ಅವನು ನಗುತ್ತಿದ್ದ. ದಿವಾಕರ ಕ್ಲಬ್ಬಿನ ನಾಯಕ; ಶೀನನ ಪಾಲಿಗೆ ದೇವರು.

ಅದೇ ವರ್ಷ ನಾನು ಬಿ.ಎಡ್. ಓದುತ್ತಿದ್ದೆ. ನಮ್ಮಲ್ಲಿ ಅಭ್ಯಾಸ ಪಾಠಗಳೆಂದು ಇದ್ದವು. ಯಾವುದಾದರೂ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ ನಿಂತು ಕಲಿಸಬೇಕು. ನನ್ನ ಮೊದಲ ಪಾಠದಲ್ಲಿ ಭೂಮಿಯನ್ನು ಚಂದ್ರನ ಸುತ್ತ ಎರಡು ಸುತ್ತು ತಿರುಗಿಸಿಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಮೇಷ್ಟ್ರು ಕೆಮ್ಮಿದರು, ಮಕ್ಕಳು ನಕ್ಕರು, ಗಂಟೆ ಹೊಡೆಯಿತು. ಮರುದಿನ ಶಾಲೆಯ ಟೀಚರು ಭೂಮಿಯನ್ನು ಅದರ ಜಾಗಕ್ಕೆ ತಂದಿಟ್ಟರು. ನನಗೇನೂ ನಷ್ಟವಾಗಲಿಲ್ಲ. ಮೂರ್ಖಳಾಗಲೆಂದೇ ಯಾರೋ ಪುಣ್ಯಾತ್ಮರು ನನಗಾಗಿ ಒಂದು ದಿನ ಎತ್ತಿಟ್ಟಿದ್ದರು. ಆಗ ಅದು ಭಾಗ್ಯವೆಂದು ನನಗೆ ಹೊಳೆಯಲಿಲ್ಲ.

ಪಂದ್ಯಾವಳಿಗೆ ಸ್ವಲ್ಪ ಮುಂಚೆ ದಿವಾಕರನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಅವನು ಆ ಬ್ಯಾಂಕಿನ ತಂಡ ಸೇರಿದ. ನಮ್ಮ ಕ್ಲಬ್ಬಿಗೆ ಮೊದಲ ಪಂದ್ಯ ಅದೇ ತಂಡದ ಎದುರು. ಬ್ಯಾಂಕಿನವರು ಇನ್ನೊಬ್ಬ ಎತ್ತರದ ಹುಡುಗನನ್ನು ಹುಡುಕುತ್ತಿದ್ದಾರೆಂದು ತಿಳಿದ ವೆಂಕಟೇಶಯ್ಯನವರೇ ಅವರ ಕಿವಿಗೆ ಶೀನನ ಹೆಸರು ಹಾಕಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ನಾನು ಅವರ ಹಿಂದೆ.

ಆಟ ಮುಗಿಯುತ್ತ ಬಂದಿತ್ತು, ನಮ್ಮವರು ಒಂದೇ ಪಾಯಿಂಟು ಮುಂದಿದ್ದರು. ಆಗ ನಮ್ಮ ಕಡೆಯ ಒಬ್ಬನಿಗೆ ಕಾಲು ಉಳುಕಿತು. ವೆಂಕಟೇಶಯ್ಯನವರು ಶೀನನ ಬೆನ್ನು ತಟ್ಟಿ ಒಳಗೆ ಕಳಿಸಿದರು. ಸೀಟಿ, ದೀಪ, ಜನ ಇರುವ ಆಟದಲ್ಲಿ ಅವನು ಗೆರೆ ದಾಟಿ ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

ಬ್ಯಾಂಕಿನವರು ಎಸೆದ ಚೆಂಡು ರಿಂಗಿಗೆ ಬಡಿದು ಹಿಂದಕ್ಕೆ ಬಂತು. ಶೀನ ಎಲ್ಲರಿಗಿಂತ ಮೇಲೆ ಹಾರಿ ಹಿಡಿದ. ಅಪ್ಪ ಅರ್ಧ ಎದ್ದು ನಿಂತರು. ಉಳಿದ ಎರಡು ಕ್ಷಣ ಚೆಂಡನ್ನು ಹಾಗೇ ಹಿಡಿದು ನಿಂತಿದ್ದರೆ ಸಾಕಿತ್ತು, ಗೆದ್ದಿರುತ್ತಿದ್ದೆವು. ಅಷ್ಟರಲ್ಲಿ ದಿವಾಕರ ಚಪ್ಪಾಳೆ ತಟ್ಟಿ, "ಶೀನ, ಇಲ್ಲಿ ಕೊಡೋ" ಎಂದ.

ಶೀನ ಕೊಟ್ಟುಬಿಟ್ಟ. ವರ್ಷವಿಡೀ ಕೊಟ್ಟ ಹಾಗೆಯೇ, ಎದೆಯ ಎತ್ತರಕ್ಕೆ, ಕೈಗೆ ಸರಿಯಾಗಿ. ದಿವಾಕರ ಅದನ್ನು ರಿಂಗಿಗೆ ಹಾಕಿದ. ಕೊನೆಯ ಸೀಟಿ ಕೇಳಿಸಿತು.

ಜನ ನಕ್ಕರು. ಕೆಟ್ಟ ನಗುವಲ್ಲ, ಮದುವೆ ಮನೆಯಲ್ಲಿ ಯಾರೋ ಜಾರಿ ಬಿದ್ದಾಗ ನಗುತ್ತಾರಲ್ಲ, ಅಂಥದ್ದು. ದಿವಾಕರ ಓಡಿ ಬಂದು ಅವನ ಭುಜ ಹಿಡಿದುಕೊಂಡ. "ಲೇ, ತಮಾಷೆಗೆ ತಟ್ಟಿದ್ದು ಕಣೋ. ಕೊಡ್ತೀಯ ಅಂತ ನಾನೆಲ್ಲಿ ಅಂದ್ಕೊಂಡಿದ್ದೆ?"

"ಪರವಾಗಿಲ್ಲ ಅಣ್ಣ" ಎಂದ ಶೀನ.

ಬ್ಯಾಂಕಿನವರು ಬೇರೆ ಹುಡುಗನನ್ನು ಆರಿಸಿಕೊಂಡರು. ಅದೇ ವಾರ ವೆಂಕಟೇಶಯ್ಯನವರು ನಮ್ಮ ಮನೆಗೆ ಬಂದರು. ಶೀನ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಇಲ್ಲ ಅನ್ನು ಎಂದು ನನಗೆ ಕೈಸನ್ನೆ ಮಾಡಿದ. ಅವರಿಗೆ ಅವನ ನೆರಳು ಕಾಣುತ್ತಿತ್ತು, ಕಾಣದವರಂತೆ ಕೂತರು.

"ಅಭ್ಯಾಸದ ಮ್ಯಾಚಲ್ಲಿ ಈ ತಪ್ಪು ಮಾಡಿದ್ರೆ ಎರಡು ಬೈದು ಮುಗಿಸ್ತಿದ್ದೆ ಕಣಮ್ಮ" ಎಂದರು. "ಮಾಡೋಕೆ ನಾನು ಅವಕಾಶಾನೇ ಕೊಡ್ಲಿಲ್ಲ. ಕಳಿಸಿಕೊಡು ಅವನನ್ನ."

ಅವನು ಹೋಗಲಿಲ್ಲ. ಮುಂದಿನ ವರ್ಷದಿಂದ ಆ ಕ್ಲಬ್ಬಿನಲ್ಲಿ ಅಭ್ಯಾಸದ ಪಂದ್ಯಗಳ ಮೊದಲ ಅರ್ಧವೆಲ್ಲ ಹೊಸಬರದೇ ಆಯಿತು. ಹುಡುಗರು ಧಾರಾಳವಾಗಿ ಸೋತರು, ಕೆಲವರು ಕೆಲಸಕ್ಕೂ ಸೇರಿದರು. ಶೀನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದಕ್ಕೆ ಸೇರಿ, ಊರವರ ಸಂಭ್ರಮಗಳಿಗೆಲ್ಲ ಕಾಗದ ಆರಿಸಿಕೊಟ್ಟ. ಅಪ್ಪ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಎಂಬತ್ತರ ದಶಕದಲ್ಲಿ ಶೀನನಿಗೆ ಮದುವೆಯಾಯಿತು. ಹುಡುಗಿ ಗಿರಿಜೆ ಮೊದಲ ಸಲ ಒಬ್ಬಳೇ ಅಡುಗೆ ಮಾಡಿದ ದಿನ ನಾನೂ ತವರಿಗೆ ಬಂದಿದ್ದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅವಳ ಕಣ್ಣಲ್ಲಿ ನೀರು. ಅಮ್ಮ ಸಮಾಧಾನದ ದನಿಯಲ್ಲೇ ಹೇಳಿದಳು: "ಇರಲಿ ಬಿಡಮ್ಮ. ಭಾನುವಾರ ನಿಮ್ಮ ಕಡೆಯೋರು ಬರ್ತಾರೆ, ಅವತ್ತು ನೀನೇ ಮಾಡುವಿಯಂತೆ, ಅಲ್ಲೀವರೆಗೂ ನಾನೇ ಮಾಡ್ತೀನಿ. ನೀನು ಪಕ್ಕದಲ್ಲಿ ನಿಂತು ನೋಡ್ಕೋ."

ಶೀನ ತಲೆ ಎತ್ತಲಿಲ್ಲ. ಅನ್ನದ ನಡುವೆ ಗುಳಿ ಮಾಡಿ ಇನ್ನೊಂದು ಸೌಟು ಸಾರು ತಾನೇ ಹಾಕಿಕೊಂಡ.

"ಬೇಡಮ್ಮ, ನಾಳೇನೂ ಅವಳೇ ಮಾಡ್ಲಿ" ಎಂದ. "ನಾಡಿದ್ದೂ ಅವಳೇ. ಈಗ ತಿನ್ನೋರು ನಾವೇ ತಾನೆ."